ನಲವತ್ತೈದರ ಗೆರೆ ದಾಟಿದ ಕರಿಕೋಟು

ಅರಕಲಗೂಡಿನ ಕೋರ್ಟಿಗೆ ನಾನು ಮೊದಲು ಕಾಲಿಟ್ಟಿದ್ದು ಅಪ್ಪನ ಜೊತೆ, ಅವರ ಪಾಲಿನ ದಾವೆಗೆ. ಏಳೆಂಟು ವಾಯ್ದೆ ಕಳೆದ ಮೇಲೆ ಒಂದು ಬೆಳಗ್ಗೆ ಪಡಸಾಲೆಯ ಬೆಂಚಿನಲ್ಲಿ ನಮ್ಮ ಪಕ್ಕಕ್ಕೆ ವಕೀಲರೊಬ್ಬರು ಬಂದು ಕುಳಿತರು. ತಲೆ ಪೂರ್ತಿ ನರೆತಿತ್ತು. ಕರಿಕೋಟು ಮಾತ್ರ ಹೊಚ್ಚಹೊಸದು, ಅಂಗಡಿಯ ಮಡಿಕೆಯ ಗೆರೆ ಬೆನ್ನ ಮೇಲೆ ಹಾಗೇ ಇತ್ತು. ಕೊರಳಿನ ಬಿಳಿ ಬ್ಯಾಂಡು ಒಂದು ಮಗ್ಗುಲಿಗೆ ಜಾರಿತ್ತು. ಅಪ್ಪ ಎದ್ದು ಕೈಮುಗಿದರು. ಇಷ್ಟು ವಯಸ್ಸಾಗಿದೆ ಅಂದರೆ ದೊಡ್ಡ ವಕೀಲರೇ ಇರಬೇಕು ಅನ್ನುವುದು ಅವರ ಲೆಕ್ಕ. ಆತ ಅಪ್ಪನನ್ನು ತೋಳು ಹಿಡಿದು ಕೂರಿಸಿ, ‘ನಾನಿನ್ನೂ ಜೂನಿಯರ್ರು ಸ್ವಾಮಿ, ಸನ್ನದು ಸಿಕ್ಕಿ ಎಂಟು ತಿಂಗಳಾಯ್ತು ಅಷ್ಟೇ’ ಅಂದರು.

ಕಂದಾಯ ಇಲಾಖೆಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ಬಂದವರಂತೆ. ಅಪ್ಪನ ಕೈಲಿದ್ದ ಕಾಗದದ ಕಟ್ಟು ಕಂಡು ಅವರ ಕೈ ತಾನಾಗಿ ಮುಂದೆ ಬಂತು. ಭೂಮಿ ಯೋಜನೆಯ ಕಂಪ್ಯೂಟರು ಬರುವ ಮುಂಚಿನ ಕೈಬರಹದ ಪಹಣಿ ಅದು. ನಮಗೆ ಅದರಲ್ಲಿ ಅಕ್ಷರವೇ ಕಾಣುತ್ತಿರಲಿಲ್ಲ. ಅವರು 9ನೇ ಕಾಲಮ್ಮಿನ ಮೇಲೆ ಬೆರಳಿಟ್ಟು ಹೆಸರು ಓದಿದರು, ಅಲ್ಲಿಂದ 12ಕ್ಕೆ ಜಾರಿ ಯಾವ ವರ್ಷ ಯಾರು ಉತ್ತಿದ್ದಾರೆ ನೋಡಿದರು. ಆಮೇಲೆ ದಾವೆಯ ಷೆಡ್ಯೂಲು ಕೇಳಿ ಪಡೆದು ಎರಡನ್ನೂ ತೊಡೆಯ ಮೇಲೆ ಅಕ್ಕಪಕ್ಕ ಇಟ್ಟುಕೊಂಡರು. ‘ಖರಾಬು ಕಳೆದಿಲ್ಲವಲ್ಲ ಇದರಲ್ಲಿ. ಚೆಕ್ಕುಬಂದಿನೂ ಒಂದ್ಸಲ ನೋಡಿಸಿ, ಪೂರ್ವಕ್ಕೆ ರಸ್ತೆ ಅಂತ ಬರೆದಿದ್ದಾರೆ. ರಸ್ತೆ ಪಶ್ಚಿಮಕ್ಕಲ್ವಾ?’ ಹೌದು, ಪಶ್ಚಿಮಕ್ಕೇ. ಅಷ್ಟು ವಾಯ್ದೆ ಕಳೆದರೂ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ‘ನಾನು ಹೇಳಿದೆ ಅನ್ನಬೇಡಿ, ನಿಮ್ಮ ವಕೀಲರಿಗೇ ತೋರಿಸಿ. ತಿದ್ದುಪಡಿ ಅರ್ಜಿ ಹಾಕ್ತಾರೆ’ ಎಂದು ಕಾಗದ ಮಡಿಸಿ ಕೊಟ್ಟರು. ಅಷ್ಟರಲ್ಲಿ ಅವರ ಸೀನಿಯರ್ ಬಂದರು. ಮಗನ ವಯಸ್ಸು. ಇವರು ಎದ್ದು ಫೈಲು ಎತ್ತಿಕೊಂಡು ಎರಡು ಹೆಜ್ಜೆ ಹಿಂದೆ ನಡೆದು ಒಳಗೆ ಹೋದರು.

ಅವತ್ತಿನಿಂದ ಒಂದು ಮಾತು ನನ್ನಲ್ಲಿ ಗಟ್ಟಿಯಾಗಿ ಕೂತಿದೆ. ತಾಲ್ಲೂಕು ಕೋರ್ಟಿಗೆ ತಡವಾಗಿ ಬಂದವರು ಬರಿಗೈಲಿ ಬಂದಿರುವುದಿಲ್ಲ. ಅವರು ತರುವುದನ್ನು ಯಾವ ಕಾಲೇಜೂ ಮೂರು ವರ್ಷದಲ್ಲಿ ಕಲಿಸಲಾರದು.

ಈ ಮಾತಿಗೆ ಸಾಕ್ಷಿ ಹುಡುಕಲು ಹಾಸನ ಜಿಲ್ಲೆ ಬಿಟ್ಟು ಹೋಗಬೇಕಿಲ್ಲ. 2025ರ ಮೇ 20ರಂದು ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಘೋಷಣೆಯಾದಾಗ ಲೋಕಕ್ಕೆ ಪರಿಚಯವಾದದ್ದು ಕತೆಗಾರ್ತಿ ಬಾನು ಮುಷ್ತಾಕ್. ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ಅವರ 12 ಕತೆಗಳ ‘ಹಾರ್ಟ್ ಲ್ಯಾಂಪ್’ಗೆ ಆ ಪ್ರಶಸ್ತಿ ಬಂತು. ಹಾಸನದವರಿಗೆ ಅವರು ಅದಕ್ಕೂ ಬಹಳ ಮುಂಚಿನಿಂದ ವಕೀಲರು. ಆ ವಕೀಲಿಕೆ ಅವರ ಬದುಕಿನಲ್ಲಿ ಎಷ್ಟನೆಯ ತಿರುವು ಅನ್ನುವುದನ್ನು ಬೂಕರ್ ಸಂಭ್ರಮದಲ್ಲಿ ಹೆಚ್ಚಿನವರು ಗಮನಿಸಲಿಲ್ಲ.

ಅವರು ಹುಟ್ಟಿದ್ದು 1948ರಲ್ಲಿ, ಹಾಸನದಲ್ಲಿ. ಕನ್ನಡ ಶಾಲೆಗೆ ಸೇರಿದ್ದೇ ತಡವಾಗಿ, ಎಂಟನೆಯ ವಯಸ್ಸಿನಲ್ಲಿ, ಶಿವಮೊಗ್ಗದ ಮಿಷನರಿ ಶಾಲೆಗೆ. ಆರು ತಿಂಗಳಲ್ಲಿ ಕನ್ನಡ ಓದು ಬರಹ ಕಲಿಯಬೇಕು ಅನ್ನುವ ಷರತ್ತು ಹಾಕಿ ಸೇರಿಸಿಕೊಂಡಿದ್ದರು. ಹುಡುಗಿ ಕೆಲವೇ ದಿನಗಳಲ್ಲಿ ಬರೆಯತೊಡಗಿದಳು. ಆಮೇಲೆ ಮದುವೆ, ಮಕ್ಕಳು, ಹೆರಿಗೆಯ ನಂತರ ಕವಿದ ಖಿನ್ನತೆ. ಲಂಕೇಶ್ ಪತ್ರಿಕೆಗೆ ಹಾಸನದಿಂದ ವರದಿಗಾರಿಕೆ, ಸ್ವಲ್ಪ ಕಾಲ ಬೆಂಗಳೂರು ಆಕಾಶವಾಣಿ, ಹಾಸನ ನಗರಸಭೆಯಲ್ಲಿ ಎರಡು ಅವಧಿಯ ಸದಸ್ಯತ್ವ. ಪತ್ರಿಕೆಯ ಕೆಲಸ ಬಿಟ್ಟು, ಮನೆಯ ಖರ್ಚಿಗೆ ಆಸರೆಯಾಗಲೆಂದು ಅವರು ವಕೀಲಿಕೆಯ ಕಡೆ ತಿರುಗಿದ್ದು 1990ರ ಹೊತ್ತಿಗೆ. ಆಗ ವಯಸ್ಸು ನಲವತ್ತೆರಡರ ಆಸುಪಾಸು.

ವರದಿಗಾರ್ತಿಯಾಗಿ ಊರೂರು ತಿರುಗಿದವರು, ನಗರಸಭೆಯಲ್ಲಿ ನಲ್ಲಿ ನೀರಿನ ಜಗಳ ಕೇಳಿದವರು, ಹೆಂಗಸರು ಬಾಗಿಲ ಮರೆಯಲ್ಲಿ ನಿಂತು ಹೇಳುವ ಮಾತನ್ನು ಕಿವಿಗೊಟ್ಟು ಕೇಳಬಲ್ಲವರು ಕರಿಕೋಟು ಹಾಕಿದಾಗ ಏನಾಗುತ್ತದೆ ಯೋಚಿಸಿ. ಅವರ ‘ಕರಿನಾಗರಗಳು’ ಕತೆಯಲ್ಲಿ, ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಗಂಡ ಕೈಬಿಟ್ಟ ಹೆಂಗಸೊಬ್ಬಳು ನ್ಯಾಯ ಕೇಳಿಕೊಂಡು ಮಸೀದಿಯ ಮುಂದೆ ಬಂದು ಕೂರುತ್ತಾಳೆ. ಗಿರೀಶ್ ಕಾಸರವಳ್ಳಿ ಅದನ್ನೇ 2004ರಲ್ಲಿ ‘ಹಸೀನಾ’ ಸಿನಿಮಾ ಮಾಡಿದರು. ಜೀವನಾಂಶದ ಅರ್ಜಿ ಹಿಡಿದು ಯಾವುದೇ ತಾಲ್ಲೂಕು ಕೋರ್ಟಿನ ಮೆಟ್ಟಿಲ ಮೇಲೆ ಕೂತಿರುವ ಹೆಂಗಸನ್ನು ಕಂಡಾಗ ನನಗೆ ಆ ಕತೆ ನೆನಪಾಗುತ್ತದೆ. ಕತೆ ಬರೆಯುವುದಕ್ಕೂ ವಾದ ಮಾಡುವುದಕ್ಕೂ ಮೊದಲು ಬೇಕಾದದ್ದು ಒಂದೇ: ಎದುರಿಗೆ ಕೂತವರು ಹೇಳುವುದನ್ನು ಪೂರ್ತಿ ಕೇಳುವ ತಾಳ್ಮೆ. ಅದು ಇಪ್ಪತ್ತಮೂರಕ್ಕೆ ಎಲ್ಲರಿಗೂ ಬಂದಿರುವುದಿಲ್ಲ.

ಈಗ ಒಂದು ತಾರೀಕಿನ ಕಡೆ ಗಮನ ಸೆಳೆಯಬೇಕು. 1993ರ ಆಗಸ್ಟ್‌ನಲ್ಲಿ ಭಾರತೀಯ ವಕೀಲರ ಪರಿಷತ್ತು ಒಂದು ನಿಯಮ ತಂದಿತು. ಅರ್ಜಿ ಹಾಕುವ ದಿನಕ್ಕೆ 45 ವರ್ಷ ತುಂಬಿದವರಿಗೆ ಸನ್ನದಿಲ್ಲ. ಬಾನು ಅವರಂತೆ 1948ರಲ್ಲಿ ಹುಟ್ಟಿದವರಿಗೆ ಸರಿಯಾಗಿ ಆ ವರ್ಷವೇ 45 ತುಂಬುತ್ತಿತ್ತು. ಅವರು ಅಷ್ಟರಲ್ಲಿ ಒಳಗೆ ಬಂದಾಗಿತ್ತು. ಅವರ ವಾರಿಗೆಯ ಇನ್ನೊಬ್ಬಾಕೆ, ಮಕ್ಕಳನ್ನು ದಡ ಹತ್ತಿಸಿ ಆಮೇಲೆ ನೋಡೋಣ ಎಂದು ಮೂರು ವರ್ಷ ಕಾದಿದ್ದರೆ, ಪದವಿ ಕೈಲಿದ್ದರೂ ಬಾಗಿಲ ಹೊರಗೇ ಉಳಿಯುತ್ತಿದ್ದಳು.

ಪರಿಷತ್ತಿನ ವಾದ ಇಷ್ಟೇ: ಸರ್ಕಾರಿ ಕೆಲಸದಿಂದ ನಿವೃತ್ತರಾಗಿ ಬಂದವರು ಹಳೆಯ ಪರಿಚಯಗಳನ್ನು ದುರುಪಯೋಗ ಮಾಡಿಕೊಳ್ಳುತ್ತಾರೆ, ವೃತ್ತಿಯ ಗೌರವ ಕೆಡುತ್ತದೆ. 1995ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆ ನಿಯಮವನ್ನು ತಳ್ಳಿಹಾಕಿತು. 1961ರ ವಕೀಲರ ಕಾಯ್ದೆ ಪರಿಷತ್ತಿಗೆ ಕೊಟ್ಟಿರುವ ಅಧಿಕಾರ ವೃತ್ತಿ ನಡೆಸುವ ಷರತ್ತುಗಳ ಬಗ್ಗೆ, ಬಾಗಿಲಲ್ಲೇ ತಡೆದು ನಿಲ್ಲಿಸುವುದಕ್ಕೆ ಅಲ್ಲ ಅಂದಿತು. ಇಪ್ಪತ್ತೈದಕ್ಕೆ ಸನ್ನದು ಪಡೆದು, ಬಿಟ್ಟು ಹೋಗಿ, ಐವತ್ತಕ್ಕೆ ಮರಳಿ ಬರುವವರಿಗೆ ಯಾವ ಅಡ್ಡಿಯೂ ಇಲ್ಲದಿರುವಾಗ ಹೊಸದಾಗಿ ಬರುವ ಐವತ್ತರವರಿಗೆ ಮಾತ್ರ ಏಕೆ ಎಂದೂ ಕೇಳಿತು. ವಯಸ್ಸಾಗಿ ಬಂದವರಿಂದ ಗೌರವ ಕೆಟ್ಟಿದೆ ಅನ್ನುವುದಕ್ಕೆ ಆಧಾರವೇ ಇರಲಿಲ್ಲ. ಈ ತೀರ್ಪಿಗೆ ನಮ್ಮ ಜಿಲ್ಲೆಯ ಎಷ್ಟೋ ಜನ ಋಣಿಗಳು, ಅವರಲ್ಲಿ ಹಲವರಿಗೆ ಅದು ಗೊತ್ತೂ ಇಲ್ಲ.

ಗೆರೆ ಎಳೆಯುವ ಆಸೆ ಮಾತ್ರ ಹೋಗಲಿಲ್ಲ. 2008ರ ಕಾನೂನು ಶಿಕ್ಷಣ ನಿಯಮಗಳಲ್ಲಿ ಮೂರು ವರ್ಷದ ಎಲ್‌ಎಲ್.ಬಿ.ಗೆ ಸೇರುವವರಿಗೆ 30ರ ಮಿತಿ ಬಂತು. ಪರಿಷತ್ತು ಅದನ್ನು ಕೈಬಿಟ್ಟು, 2016ರ ಸೆಪ್ಟೆಂಬರಿನಲ್ಲಿ ಮತ್ತೆ ತಂದಿತು. 2017ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ತಡೆ ಕೊಟ್ಟಿತು. ಸನ್ನದಿಗೆ ಗೆರೆ ಬೇಡ ಅಂದರೆ ಕಾಲೇಜಿನ ಬಾಗಿಲಲ್ಲಿ ಎಳೆಯೋಣ ಅನ್ನುವ ಈ ಹಟದಲ್ಲಿ ಒಂದು ಕುರುಡು ಇದೆ. ಮೂವತ್ತರ ತನಕ ಅಣ್ಣತಮ್ಮಂದಿರ ಓದಿಗೆ ದುಡಿದು, ಆಮೇಲೆ ತನ್ನ ಓದು ಅನ್ನುವ ಹೆಣ್ಣುಮಕ್ಕಳು ಪರಿಷತ್ತಿನ ಕಣ್ಣಿಗೆ ಬಿದ್ದಂತಿಲ್ಲ.

ಹಾಗಾದರೆ ಈಗ ದಾರಿ ಸಲೀಸೇ? ಇಲ್ಲ. ಅಡ್ಡಿ ಇರುವುದು ವಯಸ್ಸಿನಲ್ಲಿ ಅಲ್ಲ ಅಷ್ಟೇ. ಯಾವುದಾದರೂ ಪದವಿ ಇದ್ದವರಿಗೆ ಮೂರು ವರ್ಷ, ಆರು ಸೆಮಿಸ್ಟರು. ಅಂಚೆಯಲ್ಲಿ ಓದಿದ ಕಾನೂನು ಪದವಿಗೆ ಸನ್ನದು ಸಿಗುವುದಿಲ್ಲ. ಹಗಲು ಗುಮಾಸ್ತಗಿರಿ ಮಾಡಿ ಸಂಜೆ ಕಾಲೇಜಿಗೆ ಹೋಗಿ ವಕೀಲರಾದ ಹಳೆಯ ತಲೆಮಾರಿನ ದಾರಿ ಮುಚ್ಚಿಹೋಗಿದೆ. ಪ್ರತಿ ವಿಷಯದಲ್ಲೂ ನೂರಕ್ಕೆ 70 ಹಾಜರಿ ಬೇಕು. ಹಾಸನದಲ್ಲಿ ಎಂ. ಕೃಷ್ಣ ಕಾನೂನು ಕಾಲೇಜು ಇದೆ. ಹೊಳೆನರಸೀಪುರದವರಿಗೆ ಮೈಸೂರು–ಅರಸೀಕೆರೆ ಮಾರ್ಗದ ರೈಲುಂಟು, ಚನ್ನರಾಯಪಟ್ಟಣದವರಿಗೆ ಬೆಂಗಳೂರು–ಹಾಸನ ರೈಲುಂಟು. ಅರಕಲಗೂಡಿನವರಿಗೆ ಬಸ್ಸೇ ಗತಿ. ಪರೀಕ್ಷೆ ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ್ದು, ಕನ್ನಡದಲ್ಲಿ ಬರೆಯಬಹುದು. ನಲವತ್ತೆಂಟರಲ್ಲಿ ಮೂರು ಗಂಟೆ ಎಡೆಬಿಡದೆ ಪೆನ್ನು ಹಿಡಿದು ಬರೆಯುವ ಕೈನೋವು ಕಡಿಮೆಯದ್ದಲ್ಲ. ಓದಿದ್ದು ನಿಲ್ಲುವುದಿಲ್ಲ ಅನ್ನುವ ಹೆದರಿಕೆ ಅದಕ್ಕಿಂತ ದೊಡ್ಡದು.

ಪದವಿಯಾದ ಮೇಲೆ ಸನ್ನದು, ಅದಾದ ಮೇಲೆ ಎರಡು ವರ್ಷದೊಳಗೆ ಅಖಿಲ ಭಾರತ ವಕೀಲರ ಪರೀಕ್ಷೆ. ನೂರು ಪ್ರಶ್ನೆ, ತಪ್ಪಿಗೆ ಅಂಕ ಕಳೆಯುವುದಿಲ್ಲ, ಟಿಪ್ಪಣಿ ಇಲ್ಲದ ಮೂಲ ಕಾಯ್ದೆ ಪುಸ್ತಕ ಒಳಗೆ ಒಯ್ಯಬಹುದು. ಸನ್ನದಿನ ಶುಲ್ಕದ ವಿಷಯದಲ್ಲಿ 2024ರ ಜುಲೈ 30ರ ತೀರ್ಪು ಬಡವರಿಗೆ ದೊಡ್ಡ ಉಪಕಾರ ಮಾಡಿದೆ. ಸಾಮಾನ್ಯ ವರ್ಗಕ್ಕೆ 750 ರೂಪಾಯಿ, ಪರಿಶಿಷ್ಟ ಜಾತಿ–ಪಂಗಡದವರಿಗೆ 125 ರೂಪಾಯಿ. ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ. ಅದಕ್ಕೆ ಮುಂಚೆ ಹಲವು ರಾಜ್ಯಗಳಲ್ಲಿ ಹತ್ತಾರು ಸಾವಿರ ಸುರಿಯಬೇಕಿತ್ತು.

ಇನ್ನೊಂದು ಕಟ್ಟುನಿಟ್ಟು ಇದೆ. ಸಂಬಳದ ಪೂರ್ಣಾವಧಿ ಕೆಲಸ ಇಟ್ಟುಕೊಂಡು ವಕೀಲಿಕೆ ಮಾಡುವಂತಿಲ್ಲ. ಮುಂಬಯಿಯ ಡಾ. ಹನಿರಾಜ್ ಚುಲಾನಿ ಎನ್ನುವ ಶಸ್ತ್ರವೈದ್ಯರು ವೈದ್ಯಕೀಯದ ಜೊತೆಗೆ ವಕೀಲಿಕೆಯನ್ನೂ ಮಾಡುತ್ತೇನೆಂದು ಸುಪ್ರೀಂ ಕೋರ್ಟಿನ ತನಕ ಹೋದರು. 1996ರಲ್ಲಿ ಕೋರ್ಟು ಒಪ್ಪಲಿಲ್ಲ. ವಕೀಲಿಕೆ ಪೂರ್ತಿ ಗಮನ ಕೇಳುವ ಕೆಲಸ ಅಂದಿತು. ನನಗೆ ಈ ತೀರ್ಪು ಸರಿಯೆನಿಸುತ್ತದೆ. ಕಕ್ಷಿದಾರನ ಸಾಕ್ಷಿ ವಿಚಾರಣೆ ಇರುವ ದಿನ ವಕೀಲರು ಇನ್ನೊಂದು ಕಚೇರಿಯಲ್ಲಿ ರಜೆ ಸಿಗದೆ ಒದ್ದಾಡುವುದು ಯಾರಿಗೆ ಬೇಕು? ಆದರೆ ಇದರ ಅರ್ಥ, ನಡುವಯಸ್ಸಿನಲ್ಲಿ ಬರುವವರು ಇದ್ದ ದೋಣಿ ಬಿಟ್ಟೇ ಹೊಸ ದೋಣಿ ಹತ್ತಬೇಕು. ಹೊಸ ದೋಣಿಯಲ್ಲಿ ಮೊದಲ ಎರಡು ಮೂರು ವರ್ಷ ಸಂಪಾದನೆ ಅನ್ನುವುದು ಹೆಸರಿಗೆ. ಜೂನಿಯರುಗಳಿಗೆ ತಿಂಗಳಿಗೆ ನಗರದಲ್ಲಿ 20 ಸಾವಿರ, ಹಳ್ಳಿಗಾಡಿನಲ್ಲಿ 15 ಸಾವಿರವಾದರೂ ಕೊಡಿ ಎಂದು ವಕೀಲರ ಪರಿಷತ್ತು 2024ರ ಅಕ್ಟೋಬರಿನಲ್ಲಿ ಸುತ್ತೋಲೆ ಹೊರಡಿಸಿತು. ಅದು ಶಿಫಾರಸು ಮಾತ್ರ. ತಾಲ್ಲೂಕಿನ ಸೀನಿಯರಿಗೇ ತಿಂಗಳ ಕೊನೆಗೆ ಅಷ್ಟು ಉಳಿಯುತ್ತದೋ ಇಲ್ಲವೋ. ಪಿಂಚಣಿ ಇರುವ ಮೇಷ್ಟ್ರಿಗೆ, ನಿವೃತ್ತ ಪೊಲೀಸಿಗೆ ಇದು ತಡೆದುಕೊಳ್ಳುವ ಮಾತು. ನಲವತ್ತಕ್ಕೆ ಗಂಡನನ್ನು ಕಳೆದುಕೊಂಡು, ಎರಡು ಮಕ್ಕಳ ಜೊತೆ ಕಾನೂನು ಓದುವ ಹೆಣ್ಣುಮಗಳಿಗೆ ಅಲ್ಲ. ವಯಸ್ಸಿನ ಗೆರೆಯನ್ನು ಕೋರ್ಟು ಅಳಿಸಿತು, ಈ ಗೆರೆಯನ್ನು ಅಳಿಸುವವರು ಇನ್ನೂ ಬಂದಿಲ್ಲ.

ನ್ಯಾಯಾಧೀಶರಾಗುವ ಕನಸನ್ನೂ ತಡವಾಗಿ ಬಂದವರು ಮೊದಲೇ ಮಡಿಸಿ ಇಡಬೇಕು. ಸಿವಿಲ್ ನ್ಯಾಯಾಧೀಶರ ಪರೀಕ್ಷೆಗೆ ವಯೋಮಿತಿ ದಾಟಿರುತ್ತದೆ. ಜೊತೆಗೆ 2025ರ ಮೇ ತಿಂಗಳ ತೀರ್ಪಿನಿಂದ ಮೂರು ವರ್ಷದ ವಕೀಲಿಕೆ ಕಡ್ಡಾಯವಾಗಿದೆ.

ಇಷ್ಟೆಲ್ಲ ಇದ್ದೂ ಯಾಕೆ ಬರುತ್ತಾರೆ? ನಾನು ಮಾತಾಡಿಸಿದವರಲ್ಲಿ ಹಲವರ ಕಾರಣ ಒಂದೇ ಥರ ಇತ್ತು. ಅವರು ಮೊದಲು ಕಕ್ಷಿದಾರರಾಗಿ ಕೋರ್ಟು ಕಂಡವರು. ಸ್ವಂತ ಕಟ್ಲೆಯ ಫೈಲು ಕಂಕುಳಲ್ಲಿಟ್ಟುಕೊಂಡು ವರ್ಷಗಟ್ಟಲೆ ಅಲೆದು, ಒಳಗೆ ಇಂಗ್ಲಿಷಿನಲ್ಲಿ ಎರಡು ಮಾತಾಡಿ ಹೊರಗೆ ಬಂದ ವಕೀಲರ ಮುಖ ನೋಡಿ, ‘ಏನಾಯ್ತು ಸಾರ್’ ಅಂದಾಗ ‘ಮುಂದಕ್ಕೆ ಹೋಯ್ತು’ ಅನ್ನುವ ಒಂದೇ ಉತ್ತರ ಕೇಳಿಸಿಕೊಂಡವರು. ಆ ಉತ್ತರದ ಹಿಂದೆ ಏನಿದೆ ತಿಳಿಯಬೇಕು ಅನ್ನುವ ಹಸಿವು ಅವರನ್ನು ಓದಲು ಕೂರಿಸಿತು. ಇಂಥವರು ವಕೀಲರಾದಾಗ ಕಕ್ಷಿದಾರನನ್ನು ಮೂಲೆಗೆ ಕರೆದು ಇವತ್ತು ಏನು ನಡೆಯಿತು, ಮುಂದಿನ ವಾಯ್ದೆಗೆ ಏನು ತರಬೇಕು ಎಂದು ಕನ್ನಡದಲ್ಲಿ ಬಿಡಿಸಿ ಹೇಳುತ್ತಾರೆ. ಇದಕ್ಕಿಂತ ದೊಡ್ಡ ಸೇವೆ ತಾಲ್ಲೂಕು ಕೋರ್ಟಿನಲ್ಲಿ ಬೇರೆ ಇಲ್ಲ ಎಂದು ನಾನು ನಂಬುತ್ತೇನೆ.

ನಮ್ಮ ಕಡೆಯ ವ್ಯಾಜ್ಯಗಳನ್ನೇ ನೋಡಿ. ತೋಟಿ, ತಳವಾರಿ, ನೀರಗಂಟಿ ಇನಾಮುಗಳ ಮರುಮಂಜೂರಾತಿ, 1974ರ ತಿದ್ದುಪಡಿಯ ಗೇಣಿ ಅರ್ಜಿ, 1978ರ ಕಾಯ್ದೆಯಡಿ ಪರಿಶಿಷ್ಟರಿಗೆ ವಾಪಸು ಬರಬೇಕಾದ ಮಂಜೂರಾತಿ ಜಮೀನು, ಬಗರ್‌ಹುಕುಂ. 1979ರಲ್ಲಿ ಗೊರೂರಿನ ಅಣೆಕಟ್ಟು ಮುಗಿದು ಹೇಮಾವತಿ ನಿಂತಾಗ ಮುಳುಗಿದ ಊರುಗಳ ಪರಿಹಾರ, ನಾಲೆಗೆ ಹೋದ ಗುಂಟೆಗಳ ಲೆಕ್ಕ, ಚನ್ನರಾಯಪಟ್ಟಣದ ಕಡೆ ಹೆದ್ದಾರಿಗೆ ಹೋದ ತೆಂಗಿನ ಮರಗಳ ಬೆಲೆ. ಎಲ್ಲಕ್ಕಿಂತ ಹೆಚ್ಚಾಗಿ ಪಾಲು. ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲಿನ ಬಾಗಿಲು ತೆರೆದಿತ್ತು, ಅಷ್ಟರಲ್ಲಿ ಮದುವೆಯಾಗಿದ್ದವರನ್ನು ಹೊರಗಿಟ್ಟು. 2005ರ ಕೇಂದ್ರದ ತಿದ್ದುಪಡಿ ಆ ಭೇದ ತೆಗೆಯಿತು. 2020ರ ಆಗಸ್ಟ್ 11ರ ವಿನೀತಾ ಶರ್ಮಾ ತೀರ್ಪು, 2005ರಲ್ಲಿ ಅಪ್ಪ ಬದುಕಿರಬೇಕಿತ್ತೇ ಅನ್ನುವ ಗೊಂದಲವನ್ನೂ ತೀರಿಸಿತು. ಕಾಯ್ದೆ ಇಷ್ಟು ಸ್ಪಷ್ಟ. ಆದರೆ ಅಣ್ಣನ ಮೇಲೆ ದಾವೆ ಹಾಕಿದ ತಂಗಿಗೆ ಗೌರಿ ಹಬ್ಬದ ಬಾಗಿನ ಬರುವುದು ನಿಲ್ಲುತ್ತದೆ ಅನ್ನುವುದು ಯಾವ ಕಲಮ್ಮಿನಲ್ಲೂ ಇಲ್ಲ. ಅದು ಗೊತ್ತಿರುವ ವಕೀಲ ನೋಟಿಸು ಕಳಿಸುವ ಮುಂಚೆ ಅಣ್ಣನ ಮನೆಗೆ ಒಂದು ಫೋನು ಮಾಡುತ್ತಾನೆ. ಕೆಲವು ಸಲ ಅಲ್ಲಿಗೇ ಮುಗಿಯುತ್ತದೆ.

ಪಹಣಿಯ ನಮೂದು ಸುಳ್ಳೆಂದು ಸಾಬೀತಾಗುವ ತನಕ ನಿಜವೆಂದೇ ಭಾವಿಸಬೇಕು ಎನ್ನುತ್ತದೆ 1964ರ ಭೂಕಂದಾಯ ಕಾಯ್ದೆಯ 133ನೇ ಕಲಂ. ಸುಳ್ಳು ನಮೂದು ಹೇಗೆ ಹುಟ್ಟುತ್ತದೆ ಅನ್ನುವುದನ್ನು, ಆ ನಮೂದುಗಳನ್ನೇ ಬರೆದು ಸವೆದ ಗ್ರಾಮಲೆಕ್ಕಿಗನಿಗಿಂತ ಚೆನ್ನಾಗಿ ಬಲ್ಲವರು ಯಾರು? ಮೋಜಣಿದಾರರಾಗಿದ್ದವರಿಗೆ ಬಾಂದುಕಲ್ಲು ಯಾಕೆ ಸರಿಯುತ್ತದೆ ಗೊತ್ತು. ಶಾಲೆ ಮೇಷ್ಟ್ರಾಗಿದ್ದವರು ಸುಳ್ಳುಸಾಕ್ಷಿಯನ್ನು ಪಾಟೀಸವಾಲಿನ ಮೂರನೆಯ ಪ್ರಶ್ನೆಗೇ ಹಿಡಿಯುತ್ತಾರೆ, ಮೂವತ್ತು ವರ್ಷ ಮಕ್ಕಳ ಸುಳ್ಳು ಕೇಳಿದವರಲ್ಲವೇ.

ಬೆಳಗಾವಿಯಲ್ಲಿ ಬಾಲ್ಯ ಕಳೆದ ಕಾರ್ನೀಲಿಯಾ ಸೊರಾಬ್ಜಿ ಇಲ್ಲಿ ನೆನಪಾಗುತ್ತಾರೆ. 1892ರಲ್ಲೇ ಆಕ್ಸ್‌ಫರ್ಡಿನಲ್ಲಿ ಕಾನೂನು ಪರೀಕ್ಷೆ ಬರೆದವರು. ಹೆಣ್ಣೆಂಬ ಕಾರಣಕ್ಕೆ ಕೋರ್ಟಿನಲ್ಲಿ ನಿಲ್ಲಲಾಗದೆ, ಪರದೆಯ ಹಿಂದಿನ ಹೆಂಗಸರ ಆಸ್ತಿಪಾಸ್ತಿಗೆ ಸಲಹೆ ಕೊಡುತ್ತ ದಶಕಗಳನ್ನು ಕಳೆದರು. 1923ರ ಕಾಯ್ದೆ ಆ ತಡೆ ತೆಗೆದ ಮೇಲೆ ಕಲ್ಕತ್ತೆಯಲ್ಲಿ ವಕೀಲಿಕೆಗೆ ನಿಂತಾಗ ಅವರು ಅರವತ್ತರ ಹತ್ತಿರ. ಅವರದು ತಡವಾದ ಆರಂಭವಲ್ಲ, ತಡೆಹಿಡಿದ ಆರಂಭ. ನಮ್ಮ ತಾಲ್ಲೂಕುಗಳಲ್ಲಿ ತಡವಾಗಿ ಬಂದ ಹೆಂಗಸರ ವಿಷಯದಲ್ಲೂ ಈ ವ್ಯತ್ಯಾಸ ಮರೆಯಬಾರದು. ಎರಡನೆಯ ಆರಂಭದ ಗೌರವ ನಮ್ಮ ನೆಲಕ್ಕೆ ಹೊಸದೂ ಅಲ್ಲ. ಹೊಳೆನರಸೀಪುರದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯದ ಸಚ್ಚಿದಾನಂದೇಂದ್ರ ಸರಸ್ವತಿಗಳು ಮೇಷ್ಟ್ರ ಕೆಲಸದಿಂದ ನಿವೃತ್ತರಾಗಿ, 1948ರಲ್ಲಿ, 68ನೇ ವಯಸ್ಸಿನಲ್ಲಿ ಸನ್ಯಾಸ ತೆಗೆದುಕೊಂಡವರು. ಆಮೇಲೂ ಹೇಮಾವತಿಯ ದಡದಲ್ಲಿ ಕೂತು ಇಪ್ಪತ್ತೇಳು ವರ್ಷ ಬರೆದರು, ಕಲಿಸಿದರು.

2024ರ ಜುಲೈ 1 ಕೂಡ ತಡವಾಗಿ ಬಂದವರ ಪಾಲಿಗೆ ಒಳ್ಳೆಯ ದಿನವೇ. ಅವತ್ತು 1860ರ ದಂಡಸಂಹಿತೆ, 1872ರ ಸಾಕ್ಷ್ಯ ಕಾಯ್ದೆ, 1973ರ ದಂಡ ಪ್ರಕ್ರಿಯಾ ಸಂಹಿತೆ ಹೋಗಿ ಹೊಸ ಮೂರು ಕಾಯ್ದೆಗಳು ಬಂದವು. ಕೊಲೆಗೆ 302 ಎಂದು ನಿದ್ದೆಯಲ್ಲೂ ಹೇಳುತ್ತಿದ್ದ ಸೀನಿಯರುಗಳು 103 ಎಂದು ಬಾಯಿಪಾಠ ಮಾಡಬೇಕಾಯಿತು. 420 ಹೋಗಿ 318 ಆಯಿತು, ನಿರೀಕ್ಷಣಾ ಜಾಮೀನಿನ 438 ಹೋಗಿ 482 ಆಯಿತು. ನಲವತ್ತು ವರ್ಷದ ಅನುಭವವಿದ್ದವರೂ ನಿನ್ನೆ ಬಂದವರೂ ಒಂದೇ ಹೋಲಿಕೆ ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡು ಓಡಾಡಿದರು.

ಅಪ್ಪನ ದಾವೆಯಲ್ಲಿ ತಿದ್ದುಪಡಿ ಅರ್ಜಿ ಮಂಜೂರಾಯಿತು. ರಸ್ತೆ ಪಶ್ಚಿಮಕ್ಕೆ ಬಂತು. ಕಳೆದ ಮಳೆಗಾಲದಲ್ಲಿ ಇನ್ನೊಂದು ವಾಯ್ದೆಗೆ ಹೋದಾಗ ಅದೇ ಬೆಂಚಿನಲ್ಲಿ ಆ ನರೆತ ತಲೆಯ ಜೂನಿಯರ್ ವಕೀಲರು ಸಿಕ್ಕಿದರು. ಕೋಟಿನ ತೋಳು ಮೊಣಕೈಯ ಹತ್ತಿರ ಮಾಸಿ, ಬ್ಯಾಂಡು ಸರಿಯಾಗಿ ಕೂತಿತ್ತು. ಎದುರಿಗೆ ಒಬ್ಬ ಅಜ್ಜಿ. ಇಬ್ಬರು ಗಂಡುಮಕ್ಕಳಿದ್ದೂ ಊಟಕ್ಕಿಲ್ಲದ ತಾಯಿ, ಜೀವನಾಂಶಕ್ಕೆ 144ನೇ ಕಲಮ್ಮಿನ ಅರ್ಜಿ, ಹಿಂದೆ ಅದು 125 ಆಗಿತ್ತು. ಸೀನಿಯರ್ ಆ ದಿನ ಹಾಸನದಲ್ಲಿದ್ದರು, ‘ಇದನ್ನ ನೀವೇ ಹಾಕಿ, ನಿಮ್ಮ ಹೆಸರಲ್ಲೇ’ ಅಂದಿದ್ದರಂತೆ. ಅವರು ಅರ್ಜಿಯನ್ನು ಪೂರ್ತಿ ಓದಿ ಹೇಳಿದರು. ಅಜ್ಜಿ ನಡುವೆ ತಡೆದು ಹಸುವಿನ ವಿಷಯ ಬರೆದಿದ್ದೀರಾ ಅಂದರು. ಬರೆದಿದ್ದರು, ಆ ಸಾಲನ್ನು ಮತ್ತೆ ಓದಿದರು. ಆಮೇಲೆ ಅಜ್ಜಿಯ ಹೆಬ್ಬೆಟ್ಟನ್ನು ಶಾಯಿಗೆ ಒತ್ತಿ ವಕಾಲತ್ತಿನ ಮೇಲೆ ಮೆಲ್ಲಗೆ ಇರಿಸಿದರು. ಬಟ್ಟೆಯ ಚೂರಿನಿಂದ ಆ ಬೆರಳು ಒರೆಸಿದರು. ಕೆಳಗೆ ವಕೀಲರ ಸಹಿ ಅನ್ನುವ ಕಡೆ ತಮ್ಮ ಹೆಸರು ಬರೆದು, ಸನ್ನದಿನ ಸಂಖ್ಯೆಯ ಜಾಗಕ್ಕೆ ಬಂದು ಪೆನ್ನು ಎತ್ತಿದರು. ಜೇಬಿನಿಂದ ಗುರುತಿನ ಚೀಟಿ ತೆಗೆದು, ಕನ್ನಡಕ ಮೇಲೆ ಮಾಡಿ, ಒಂದೊಂದೇ ಅಂಕಿ ನೋಡಿಕೊಂಡು ಬರೆದರು.